ಬೀಸುವ ಇಬ್ಬರಲ್ಲಿ ಒಬ್ಬಳು

ನಮ್ಮ ಮನೆಗೆ ಬಾಗಿಲು ಒಂದು, ಅವ್ವಂದಿರು ಇಬ್ಬರು. ಹೆತ್ತವಳು ಅವ್ವ, ಅವಳ ಅಕ್ಕ ದೊಡ್ಡವ್ವ. ಇಬ್ಬರೂ ಅಪ್ಪನ ಹೆಂಡಂದಿರು. ಈಗ ಆದೋನಿಯಲ್ಲಿ ಯಾರ ಮುಂದಾದರೂ ಹೀಗೆಂದರೆ ಹುಬ್ಬೇರಿಸುತ್ತಾರೆ. ಆಲೂರಿನ ರಸ್ತೆ ಬಿಟ್ಟು ಕಪ್ಪುನೆಲದಲ್ಲಿ ಒಳಗೆ ನಡೆದರೆ ಸಿಗುವ ನಮ್ಮೂರಿನಲ್ಲಿ ಆಗ ಯಾರ ಹುಬ್ಬೂ ಮೇಲೇರಿರಲಿಲ್ಲ. ದೊಡ್ಡವ್ವನಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಾಗಲಿಲ್ಲವಂತೆ. ಅಪ್ಪನ ತಾಯಿ ಬೇರೆ ಹೆಣ್ಣು ತರುವ ಮಾತೆತ್ತಿದಾಗ, ದೊಡ್ಡವ್ವ ತಾನೇ ತವರೂರಾದ ನಾಗಲದಿನ್ನೆಗೆ ಹೋಗಿ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ತಂಗಿಯನ್ನು ಎಬ್ಬಿಸಿಕೊಂಡು ಬಂದಳಂತೆ. ಹೇಗೂ ಸವತಿ ಬರುವುದೇ ಆದರೆ ನಮ್ಮವಳೇ ಬರಲಿ, ಜಗಳವಾಡಿದರೂ ನಮ್ಮ ಮನೆಯ ಬೈಗುಳದಲ್ಲೇ ಬೈಯಲಿ ಎಂದು ಅವಳ ಲೆಕ್ಕ. ಈ ಕತೆಯನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಅವ್ವ ಮಾತ್ರ ಕೇಳುವಾಗ ನಗುತ್ತಿರಲಿಲ್ಲ, ಕೈಯಲ್ಲಿದ್ದ ಕೆಲಸವನ್ನು ಇನ್ನಷ್ಟು ಜೋರಾಗಿ ಮಾಡುತ್ತಿದ್ದಳು.

ಮಣ್ಣಿನ ಮಾಳಿಗೆಯ ಮನೆ ಅದು. ಮೇಲೆ ಒಂದು ಬೆಳಕಿಂಡಿ, ಕೆಳಗೆ ಒಂದು ಪಡಸಾಲೆ, ಒಳಗೆ ಒಲೆಯ ಕೋಣೆ. ಮನೆಯ ಪಕ್ಕದಲ್ಲೇ ಮುಳ್ಳುಬೇಲಿಯ ಕುರಿಹಟ್ಟಿ ಇದ್ದುದರಿಂದ ನಮ್ಮ ಅನ್ನಕ್ಕೂ ಬಟ್ಟೆಗೂ ಕುರಿಯ ವಾಸನೆ ಇರುತ್ತಿತ್ತು, ಶಾಲೆಯಲ್ಲಿ ನನ್ನ ಪಕ್ಕ ಕೂತ ಹುಡುಗಿಯರು ಮೂಗು ಮುಚ್ಚುವವರೆಗೂ ನನಗದು ಗೊತ್ತಿರಲಿಲ್ಲ. ಅಪ್ಪ ಬೀರಪ್ಪ ಬೆಳಕು ಹರಿಯುತ್ತಲೇ ಕಂಬಳಿ ಹೆಗಲಿಗೇರಿಸಿ ಕುರಿ ಹೊಡೆದುಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ದೊಡ್ಡವ್ವ ರೊಟ್ಟಿ ತಟ್ಟುತ್ತಿದ್ದಳು, ಅವ್ವ ಬೇಯಿಸುತ್ತಿದ್ದಳು. ಅವ್ವ ಪುಂಡಿಪಲ್ಯಕ್ಕೆ ಖಾರ ಹೆಚ್ಚು ಹಾಕಿದಳೆಂದು ದೊಡ್ಡವ್ವ, ದೊಡ್ಡವ್ವನ ರೊಟ್ಟಿ ದಪ್ಪವೆಂದು ಅವ್ವ, ಹೀಗೆ ದಿನಕ್ಕೊಮ್ಮೆ ಮಾತಿನ ಕಿಡಿ ಹಾರುತ್ತಿತ್ತು. ಊಟಕ್ಕೆ ಕೂತಾಗ ಮಾತ್ರ ಇಬ್ಬರದೂ ಒಂದೇ ತಾಟು. ತಮ್ಮ ಮಲ್ಲ ಅವ್ವನ ಮಗ್ಗುಲಿಗೆ, ನಾನು ದೊಡ್ಡವ್ವನ ಮಗ್ಗುಲಿಗೆ ಮಲಗುತ್ತಿದ್ದೆವು. ನನಗೆ ಅವಳ ಸೀರೆಯ ಸೆರಗು ಬಾಯಲ್ಲಿಟ್ಟುಕೊಳ್ಳದೆ ನಿದ್ದೆ ಹತ್ತುತ್ತಿರಲಿಲ್ಲ. ಹೆತ್ತವಳಿಗಿಂತ ಅವಳೇ ನನಗೆ ಹೆಚ್ಚಾಗಿದ್ದಳು, ಇದನ್ನು ಹೇಳಲು ನನಗೆ ಈಗ ಯಾವ ನಾಚಿಕೆಯೂ ಇಲ್ಲ.

ಒಲೆಯ ಕೋಣೆಯ ಮೂಲೆಯಲ್ಲಿ ಬೀಸುವ ಕಲ್ಲಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದಿದ್ದರೂ ತೊಗರಿ ಒಡೆಯುವುದು, ಕೊರಲೆಕಾಳು ಬೀಸುವುದು ಮನೆಯಲ್ಲೇ. ಅಕ್ಕತಂಗಿಯರು ಎದುರುಬದುರು ಕೂತು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ, ಮೇಲಿನ ಕಲ್ಲಿಗೆ ಚುಚ್ಚಿದ ಮರದ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುತ್ತಿದ್ದರು. ಹಗಲೆಲ್ಲ ಕಿಡಿ ಹಾರಿಸಿದವರು ಕಲ್ಲಿನ ಮುಂದೆ ಕೂತರೆ ಒಂದೇ ದನಿಯಲ್ಲಿ ಪದ ಹಾಡುತ್ತಿದ್ದರು. ಆ ಗರಗರ ಸದ್ದು ಕೇಳಿದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ನನಗೆ ಧೈರ್ಯ.

ಈ ಮನೆಯೊಳಗೆ ಯೇಸು ಬಂದದ್ದು ಮಲ್ಲನ ಜ್ವರದ ಬೆನ್ನು ಹಿಡಿದು. ಮಾತು ಕಲಿತ ಮಗು ಮಾತು ಮರೆತು, ಕಣ್ಣು ಮೇಲೆ ಮಾಡಿ, ಕಟ್ಟಿಗೆಯ ಹಾಗೆ ಸೆಟೆದುಕೊಂಡಿತು. ಬೀರಪ್ಪ ದೇವರ ಗುಡಿಯ ಭಂಡಾರ ಹಚ್ಚಿದ್ದಾಯಿತು, ದರ್ಗಾದ ತಾಯಿತ ಕಟ್ಟಿದ್ದಾಯಿತು. ಕಡೆಗೆ ಯಾರೋ ಹೇಳಿದರೆಂದು ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಣ್ಣ ದವಾಖಾನೆಗೆ ಎತ್ತಿಕೊಂಡು ಹೋದರು. ಅಲ್ಲಿ ಗೋಡೆಯ ಮೇಲೆ ಶಿಲುಬೆ ಇತ್ತು. ಅದರಲ್ಲಿರುವವನು ಯಾರೆಂದು ದೊಡ್ಡವ್ವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಅವನೆದುರು ಸೆರಗೊಡ್ಡಿ, ಈ ಕೂಸು ಉಳಿದರೆ ನಮ್ಮ ಮನೆ ಪೂರಾ ನಿನ್ನದು ಎಂದಳಂತೆ. ಕೂಸು ಉಳಿಯಿತು. ಮನೆಗೆ ಬಂದ ಮೇಲೆ ಅವಳು ಅಪ್ಪನಿಗೆ ಹರಕೆಯ ವಿಷಯ ಹೇಳಿದಾಗ ಅಪ್ಪ ಒಂದು ಕುರಿಯಲ್ಲಿ ಮುಗಿಯುವುದೆಂದು ತಿಳಿದಿದ್ದ. ಅವರ ದೇವರು ಕುರಿ ತೆಗೆದುಕೊಳ್ಳುವುದಿಲ್ಲ, ಮನುಷ್ಯರನ್ನೇ ತೆಗೆದುಕೊಳ್ಳುತ್ತಾನೆ ಎಂದು ಗೊತ್ತಾದದ್ದು ಆಮೇಲೆ.

ಹಾಗೆ ನಮ್ಮ ಪಡಸಾಲೆಗೆ ಉಪದೇಶಿ ಜೋಜಪ್ಪ ಬರತೊಡಗಿದ. ಹಳ್ಳಿಗಳಲ್ಲಿ ಸ್ವಾಮಿಗಳು, ಅಂದರೆ ಪಾದ್ರಿಗಳು, ಬರುವವರೆಗೆ ಜಪ ಹೇಳಿಕೊಟ್ಟು, ಜನರನ್ನು ತಲೆಗೆ ನೀರು ಹಾಕಿ ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನಕ್ಕೆ ತಯಾರು ಮಾಡುವವನೇ ಉಪದೇಶಿ. ಆದೋನಿ ಕಡೆಯ ತೆಲುಗಿನ ಮನುಷ್ಯ, ತೆಳ್ಳಗೆ ಉದ್ದಕ್ಕೆ ಇದ್ದ, ಸೈಕಲ್ಲಿನ ಮೇಲೆ ಬರುತ್ತಿದ್ದ. ಕುರಿ ಹಟ್ಟಿಗೆ ಸೇರಿ, ಅಪ್ಪ ಕಾಲು ತೊಳೆದು ಒಳಗೆ ಬಂದ ಮೇಲೆ, ಅವನು ಬೈಬಲ್ಲಿನಿಂದ ಆ ದಿನದ ಶುಭಸಂದೇಶವನ್ನು ತೆಲುಗಿನಲ್ಲಿ ಓದಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಅಷ್ಟರಲ್ಲಿ ಮುಗಿದಿದ್ದರೆ ಸುಖವಿತ್ತು. ಆದರೆ ಅವನದೊಂದು ಪದ್ಧತಿ ಇತ್ತು. ಓದಿದ ಮೇಲೆ ಪುಸ್ತಕ ಮುಚ್ಚಿ, ಒಬ್ಬೊಬ್ಬರ ಕಡೆಗೂ ತಿರುಗಿ ಕೇಳುತ್ತಿದ್ದ:

“ಈ ವಾಕ್ಯಂಲೋ ನುವ್ವು ಎವರು? ಇದರಾಗ ನೀನು ಯಾರು?”

ಹೇಳಲೇಬೇಕು. ದೊಡ್ಡವರಿಗೂ ಬಿಡುಗಡೆ ಇಲ್ಲ, ಮಕ್ಕಳಿಗೂ ಇಲ್ಲ. ಕತೆಯೊಳಗೆ ಯಾರಾದರೊಬ್ಬರಾಗಿ, ಮರುದಿನ ಸಂಜೆಯವರೆಗೆ ಅದರ ಪ್ರಕಾರ ನಡೆಯಬೇಕು. ಅಪ್ಪ ಮೊದಮೊದಲು ಇದನ್ನು ಹಗುರವಾಗಿ ತೆಗೆದುಕೊಂಡಿದ್ದ. ಯೇಸು ಕತ್ತೆಯ ಮೇಲೆ ಕೂತು ಪಟ್ಟಣಕ್ಕೆ ಬಂದ ಕತೆ ಓದಿದ ದಿನ, ತಾನು ಕತ್ತೆ, ಇಬ್ಬರು ಹೆಂಡಿರನ್ನು ಹೊತ್ತು ಅಭ್ಯಾಸವಾಗಿದೆ ಎಂದ. ತೊಂಬತ್ತೊಂಬತ್ತು ಕುರಿ ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಲು ಹೋದ ಕುರುಬನ ದಿನ, ಉಳಿದವನ್ನು ಕಾಯಲು ಆ ಕುರುಬನ ಹತ್ತಿರ ಒಳ್ಳೆಯ ನಾಯಿ ಇದ್ದಿರಬೇಕು ಎಂದ. ಜೋಜಪ್ಪನೂ ನಕ್ಕ. ಅಕ್ಕತಂಗಿಯರಿಬ್ಬರ ಮನೆಗೆ ಯೇಸು ಊಟಕ್ಕೆ ಬಂದದ್ದು, ಮಾರ್ತಾ ಅಡಿಗೆಮನೆಯಲ್ಲಿ ಬೆವರಿದ್ದು, ಮರಿಯಾ ಅವನ ಕಾಲ ಬಳಿ ಕೂತು ಮಾತು ಕೇಳಿದ್ದು, ಇದನ್ನು ಓದಿದ ದಿನವಂತೂ ಅವನು ನಮ್ಮ ಅವ್ವಂದಿರ ಕಡೆ ನೋಡಿ ಬಹಳ ಆಸೆಯಿಂದ ಕೇಳಿದ, ನಿಮ್ಮಿಬ್ಬರಲ್ಲಿ ಮಾರ್ತಾ ಯಾರು, ಮರಿಯಾ ಯಾರು ಎಂದು. ದೊಡ್ಡವ್ವ ಕಡಲೆ ಸುಲಿಯುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು:

“ಈ ಮನ್ಯಾಗ ಇಬ್ರೂ ಮಾರ್ತಾನ ಅದೀವ್ರಿ. ಮರಿಯಾ ಆಗಾಕ ಪುರುಸೊತ್ತು ಯಾರಿಗೈತಿ?”

ನಾನು ಮಾತ್ರ ಆ ಪ್ರಶ್ನೆ ಬರುವ ಮೊದಲೇ ದೊಡ್ಡವ್ವನ ಬೆನ್ನ ಹಿಂದೆ ಸರಿಯುತ್ತಿದ್ದೆ. ಪ್ರತಿ ಕತೆಯಲ್ಲೂ ಯಾರಾದರೊಬ್ಬರು ಹೊರಗೆ ಉಳಿಯುತ್ತಿದ್ದರು. ಎಣ್ಣೆ ತೀರಿದ ದೀಪ ಹಿಡಿದ ಹುಡುಗಿಯರ ಮುಖಕ್ಕೇ ಬಾಗಿಲು ಹಾಕುತ್ತಿದ್ದರು. ಮದುವೆಗೆ ಸರಿಯಾದ ಬಟ್ಟೆ ಉಡದೆ ಬಂದವನನ್ನು ಕೈಕಾಲು ಕಟ್ಟಿ ಕತ್ತಲಿಗೆ ಎಸೆಯುತ್ತಿದ್ದರು. ಇರುವ ಎರಡು ಲಂಗದಲ್ಲಿ ಒಂದು ಹರಿದಿದ್ದ ನನಗೆ ಆ ಕತೆಯಾದ ಮೇಲೆ ಯಾರ ಮದುವೆಗೂ ಹೋಗುವ ಧೈರ್ಯ ಬರಲಿಲ್ಲ. ನಾನು ಯಾವಾಗಲೂ ಗುಂಪಿನಲ್ಲಿ ನಿಂತು ನೋಡುವ ಹೆಂಗಸು ಎಂದು ಹೇಳಿ ಪಾರಾಗುತ್ತಿದ್ದೆ. ಈಗ ನಾನೇ ಆದೋನಿಯ ನಮ್ಮ ಚರ್ಚಿನ ಹೆಂಗಸರ ಗುಂಪಿಗೆ ಪ್ರತಿದಿನ ಬೆಳಿಗ್ಗೆ ಆ ದಿನದ ವಾಚನದ ಮೇಲೆ ನಾಲ್ಕು ಸಾಲು ಚಿಂತನೆಯನ್ನು ಫೋನಿನಲ್ಲಿ ಬರೆದು ಕಳಿಸುತ್ತೇನೆ. ದೇವರು ಪ್ರೀತಿ, ಹೆದರಬೇಡಿ ಎಂದು ಬರೆಯುತ್ತೇನೆ, ಕೈಜೋಡಿಸಿದ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಬರೆಯುವ ಮೊದಲು ಮಾತ್ರ ಇವತ್ತಿನ ಓದಿನಲ್ಲಿ ಹೊರಗೆ ಹೋಗುವವರು ಯಾರೆಂದು ಕಣ್ಣು ತಾನಾಗಿ ಹುಡುಕುತ್ತದೆ. ಈ ವಯಸ್ಸಿಗೂ ಆ ಚಾಳಿ ಬಿಟ್ಟಿಲ್ಲ.

ತಿಂಗಳಿಗೊಮ್ಮೆ ಚರ್ಚಿನ ಪೂಜೆಗೆ ಬರುತ್ತಿದ್ದ ಸ್ವಾಮಿಗಳು ಒಂದು ದಿನ ಜೋಜಪ್ಪನ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದರು. ದೂರದ ಸೀಮೆಯವರು, ಮೆತ್ತನೆಯ ದನಿ, ನೆಲದ ಮೇಲೆ ಕೂರಲು ಮಂಡಿ ನೋವು. ದೊಡ್ಡವ್ವ ಬಿಸಿ ರೊಟ್ಟಿ ಹಾಕುತ್ತಿದ್ದಳು, ಅವ್ವ ಬೀಸಣಿಗೆ ಬೀಸುತ್ತಿದ್ದಳು. ಅಡಿಗೆ ಚೆನ್ನಾಗಿದೆ, ಇಬ್ಬರಲ್ಲಿ ಮನೆಯೊಡತಿ ಯಾರು ಎಂದು ಅವರು ಸುಮ್ಮನೆ ಕೇಳಿದರು. ಅಪ್ಪ ಮುಚ್ಚುಮರೆ ಇಲ್ಲದೆ, ಇಬ್ಬರೂ ನನ್ನವರೇ ಸ್ವಾಮಿ ಎಂದುಬಿಟ್ಟ. ಸ್ವಾಮಿಗಳ ಕೈ ತಾಟಿನಲ್ಲೇ ನಿಂತಿತು. ಅವರು ಜೋಜಪ್ಪನ ಕಡೆ ನೋಡಿದರು, ಜೋಜಪ್ಪ ತನ್ನ ತಾಟಿನ ಕಡೆ ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ.

ಊಟವಾದ ಮೇಲೆ ಸ್ವಾಮಿಗಳು ಅಪ್ಪನನ್ನು ಬೇವಿನ ಕಟ್ಟೆಗೆ ಕರೆದುಕೊಂಡು ಹೋದರು. ಕುಡಿಯುವ ನೀರಿನ ಚೊಂಬು ಕೊಡಲು ಹೋದ ನನ್ನನ್ನು ಯಾರೂ ಗಮನಿಸಲಿಲ್ಲ. ಅವರು ಬೈಯುತ್ತಿರಲಿಲ್ಲ, ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ, ಸಭೆಯ ನಿಯಮ ಅದು, ತನ್ನ ಕೈಯಲ್ಲಿಲ್ಲ ಎಂದರು. ಜ್ಞಾನಸ್ನಾನಕ್ಕೆ ಮುಂಚೆ ಒಬ್ಬಳು ಬೇರೆ ಸೂರಿನ ಕೆಳಗೆ ಹೋಗಬೇಕು. ಮೊದಲು ಕೈಹಿಡಿದವಳದು ಮೊದಲ ಹಕ್ಕು, ಆದರೆ ಮಕ್ಕಳು ಎರಡನೆಯವಳವು, ಅದನ್ನೂ ನೋಡಬೇಕಾಗುತ್ತದೆ. ಹೋದವಳನ್ನು ಬೀದಿಪಾಲು ಮಾಡುವ ಹಾಗಿಲ್ಲ, ಅವಳು ಇರುವವರೆಗೆ ಅಪ್ಪನೇ ನೋಡಿಕೊಳ್ಳಬೇಕು. ಬಲವಂತವಿಲ್ಲ, ಈಸ್ಟರ್ ಹಬ್ಬದೊಳಗೆ ಯೋಚಿಸಿ ಹೇಳು ಎಂದರು. ಅಪ್ಪ ಕಂಬಳಿಯ ಅಂಚಿನ ಎಳೆ ಕೀಳುತ್ತ ಕೂತ.

“ಕುರಿ ಆಗಿದ್ರ ಹೇಳ್ತಿದ್ದೆ ಸ್ವಾಮಿ, ಯಾವುದನ್ನ ಕಳಸಲಿ ಅಂತ,” ಎಂದ.

ಅಂದಿನಿಂದ ಮನೆಯೊಳಗೆ ಹೆದರಿಕೆ ಬಂದು ಕೂತಿತು. ಬೇಡವೆಂದು ಬಿಡುವ ಹಾಗೂ ಇರಲಿಲ್ಲ. ಹರಕೆ ತಪ್ಪಿದರೆ ಯಾರಿಗಾಗಿ ಹೊತ್ತೆವೋ ಅವರ ಮೇಲೆಯೇ ಅದು ತಿರುಗುತ್ತದೆ ಎನ್ನುವುದು ನಮ್ಮೂರಿನಲ್ಲಿ ಕೂಸಿಗೂ ಗೊತ್ತು. ದೇವರು ಹರಕೆ ವಸೂಲಿಗೆ ಬರುವವನಲ್ಲ ಎಂದು ಸ್ವಾಮಿಗಳು ಎಷ್ಟು ಹೇಳಿದರೂ ಅದು ನಮ್ಮವರ ತಲೆಗೆ ಇಳಿಯಲಿಲ್ಲ. ಹೊಸ ದೇವರಿಗೂ ಹಳೆಯ ದೇವರ ಕಾಯಿದೆಯನ್ನೇ ಹಚ್ಚಿಬಿಟ್ಟಿದ್ದರು. ಮಲ್ಲ ಕೆಮ್ಮಿದರೆ ಇಬ್ಬರೂ ಅವ್ವಂದಿರು ಕೆಲಸ ಬಿಟ್ಟು ಓಡಿಬಂದು ಹಣೆ ಮುಟ್ಟುತ್ತಿದ್ದರು. ಅಪ್ಪನದು ಅತ್ತ ದರಿ, ಇತ್ತ ಪುಲಿ. ನಾನು ಒಬ್ಬಳೇ ಕೂತು ಲೆಕ್ಕ ಹಾಕುತ್ತಿದ್ದೆ. ಸ್ವಾಮಿಗಳ ಮೊದಲ ಮಾತು ಹಿಡಿದರೆ ಅವ್ವ ಹೋಗಬೇಕು, ಎರಡನೆಯ ಮಾತು ಹಿಡಿದರೆ ದೊಡ್ಡವ್ವ. ಅವ್ವ ಹೋದರೆ ಮಲ್ಲ ಅತ್ತು ಸಾಯುತ್ತಾನೆ, ದೊಡ್ಡವ್ವ ಹೋದರೆ ನಾನು. ಯಾರನ್ನು ಕೇಳುವುದು? ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಕರೆದರೂ ನನಗೆ ಕೇಳಿಸುತ್ತಿರಲಿಲ್ಲ.

ಚಳಿ ಬಿದ್ದು, ಆಗಮನ ಕಾಲ ಶುರುವಾಯಿತು. ಕ್ರಿಸ್ಮಸ್‌ಗೆ ಮುಂಚಿನ ಆ ವಾರಗಳಲ್ಲಿ ಲೋಕದ ಕೊನೆಯ ಮಾತು ಓದುತ್ತಾರೆ, ಎಚ್ಚರವಾಗಿರಿ ಎನ್ನುತ್ತಾರೆ. ಒಂದು ಸಂಜೆ ಜೋಜಪ್ಪ ಓದುತ್ತ ಓದುತ್ತ ನಡುವೆ ದನಿ ಸಣ್ಣದು ಮಾಡಿದ. ಅಷ್ಟರಲ್ಲಿ ನಾವು ಕೇಳಿಸಿಕೊಂಡಿದ್ದೆವು. ಆ ದಿನ ಬಂದಾಗ ಇಬ್ಬರು ಹೆಂಗಸರು ಕೂಡಿ ಬೀಸುತ್ತಿರುತ್ತಾರೆ, ಒಬ್ಬಳನ್ನು ಒಯ್ಯುತ್ತಾರೆ, ಒಬ್ಬಳನ್ನು ಬಿಡುತ್ತಾರೆ. ಒಲೆಯ ಕೋಣೆಯ ಮೂಲೆ ಪಡಸಾಲೆಯಿಂದ ಕಾಣುತ್ತಿತ್ತು, ಕಲ್ಲಿನ ಸುತ್ತ ಅಂದು ಒಡೆದ ತೊಗರಿಯ ಹೊಟ್ಟು ಇನ್ನೂ ಇತ್ತು. ಯಾರೋ ನಮ್ಮ ಮನೆಯನ್ನು ಬೆಳಕಿಂಡಿಯಿಂದ ಇಣುಕಿ ನೋಡಿ ಬರೆದುಬಿಟ್ಟಿದ್ದಾರೆ ಎಂದೇ ತಿಳಿದೆ. ಜೋಜಪ್ಪ ಪುಸ್ತಕ ಮುಚ್ಚಿದ. ರೂಢಿಯಂತೆ ಪ್ರಶ್ನೆ ಬಾಯಿವರೆಗೆ ಬಂದಿತ್ತು, ಕೇಳಲಾರದೆ ನುಂಗಿದ. ಸ್ವಲ್ಪ ಹೊತ್ತಿನ ಮೇಲೆ, ಈ ವಾಕ್ಯದಲ್ಲಿ ನಾನು ಯಾರೋ ನನಗೂ ತಿಳಿಯದು ಎಂದು ತನ್ನಷ್ಟಕ್ಕೆ ಹೇಳಿಕೊಂಡು ಸೈಕಲ್ ಹತ್ತಿ ಹೋದ.

ಅವರನ್ನು ಒಯ್ಯುವುದು ಕೂಡಿ ಬೀಸುವಾಗ. ಅಂದರೆ ಕೂಡಿ ಬೀಸದಿದ್ದರೆ ಒಯ್ಯುವ ಹಾಗಿಲ್ಲ. ಇಷ್ಟು ಸುಲಭದ ದಾರಿ ದೊಡ್ಡವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ನನಗೆ ಆಶ್ಚರ್ಯ. ಮರುದಿನ ಇಬ್ಬರೂ ಹೊಲಕ್ಕೆ ಹೋದಾಗ ಕಲ್ಲಿನ ಗೂಟವನ್ನು ಅಲುಗಾಡಿಸಿ ಅಲುಗಾಡಿಸಿ ಕಿತ್ತೆ, ಕುರಿಹಟ್ಟಿಯ ಹಿಂದೆ ಗೊಬ್ಬರದ ಗುಂಡಿಯಲ್ಲಿ ಹುಗಿದೆ. ಗೂಟ ಕಾಣದೆ ಅವ್ವ ಮನೆಯೆಲ್ಲ ಹುಡುಕಿದಳು, ಇಲಿ ಒಯ್ದಿತೋ ಏನೋ ಎಂದಳು. ಅಪ್ಪ ಜಾಲಿಮರದಲ್ಲಿ ಇನ್ನೊಂದನ್ನು ಕೆತ್ತಿಕೊಟ್ಟ. ಅದನ್ನೂ ಕಿತ್ತು ಹುಗಿದೆ. ಆ ಸಂಜೆ ದೊಡ್ಡವ್ವ ಕುರಿಹಿಕ್ಕೆ ಬಳಿಯುವ ನೆಪದಲ್ಲಿ ನನ್ನನ್ನು ಹಟ್ಟಿಗೆ ಕರೆದಳು. ಅವಳ ಸೆರಗಿನಲ್ಲಿ ಎರಡೂ ಗೂಟಗಳಿದ್ದವು.

“ಇದ್ಯಾಕ ಮಾಡಿದಿ ನಾಗಿ?”

“ನೀವಿಬ್ರೂ ಕೂಡಿ ಬೀಸಿದ್ರ ಒಬ್ಬಾಕಿನ್ನ ಒಯ್ತಾನ,” ಎಂದೆ.

ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಹಿಕ್ಕೆಯ ಬುಟ್ಟಿ ಕೆಳಗಿಟ್ಟು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

“ಯಾರೂ ಒಯ್ಯೋದಿಲ್ಲವ್ವ. ಮಾತು ಕೊಟ್ಟಾಕಿ ನಾನು, ಹೋಗಾಕಿನೂ ನಾನ. ನಿಮ್ಮವ್ವಗ ಈಗ ಹೇಳಬ್ಯಾಡ.”

ನಾನು ಹೇಳಲಿಲ್ಲ. ಆ ಮಾತನ್ನು ಬಾಯಲ್ಲಿ ಬಿಸಿ ತುತ್ತಿನ ಹಾಗೆ ಇಟ್ಟುಕೊಂಡು ತಿರುಗಿದೆ. ಆದರೆ ಒಂದೇ ತಾಟಿನಲ್ಲಿ ಉಣ್ಣುವವರಿಗೆ ಗುಟ್ಟು ಎಲ್ಲಿಯದು? ಕ್ರಿಸ್ಮಸ್ ಕಳೆದು ಕೆಲವು ದಿನಗಳಲ್ಲೇ ಅವ್ವನಿಗೆ ವಾಸನೆ ಹತ್ತಿತು. ಆಗ ನಡೆದ ಜಗಳದಂಥದ್ದನ್ನು ನಾನು ಮತ್ತೆ ಯಾವ ಮನೆಯಲ್ಲೂ ಕಂಡಿಲ್ಲ. ಸವತಿಯರು ಉಳಿಯಲು ಜಗಳವಾಡುತ್ತಾರೆ, ಇವರು ಹೋಗಲು ಜಗಳವಾಡಿದರು. ನೀನು ಮೊದಲು ಬಂದವಳು, ಸ್ವಾಮಿಗಳ ಕಾಯಿದೆಯಂತೆ ಹೆಂಡತಿ ನೀನೇ, ನಾನು ಹೋಗುತ್ತೇನೆ ಎಂದು ಅವ್ವ. ಮಕ್ಕಳ ತಾಯಿ ನೀನು, ಇವರ ಕಣ್ಣೀರು ನಾನು ಕಟ್ಟಿಕೊಳ್ಳಲಾ ಎಂದು ದೊಡ್ಡವ್ವ. ನನ್ನನ್ನು ಹೊಳೆದಂಡೆಯಿಂದ ಎಳೆದುಕೊಂಡು ಬಂದವಳು ನೀನು, ಈಗ ಪುಣ್ಯವೆಲ್ಲ ನಿನಗೇ ಬೇಕಾ ಎಂದು ಅವ್ವ ಕೂಗಿದಳು, ಕೈಯಲ್ಲಿದ್ದ ತಂಬಿಗೆ ಎಸೆದಳು. ಇಷ್ಟು ವರ್ಷ ಅವಳು ಆ ಕತೆಗೆ ಯಾಕೆ ನಗಲಿಲ್ಲವೆಂದು ನನಗೆ ಅಂದು ತಿಳಿಯಿತು. ಅಪ್ಪ ಉಣ್ಣದೆ ಎದ್ದುಹೋದ. ಸಂಜೆ ಬಂದವನು ಬಾಗಿಲಲ್ಲೇ ನಿಂತು, ಯಾರೂ ಎಲ್ಲಿಗೂ ಹೋಗುವುದು ಬೇಡ, ಜ್ಞಾನಸ್ನಾನವೂ ಬೇಡ, ಯೇಸು ಬಂದು ಕೇಳಿದರೆ ತಾನೇ ಮಾತಾಡುತ್ತೇನೆ ಎಂದು ಹೇಳಿದ. ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಜೋಜಪ್ಪ ಬಂದಾಗ ಅಪ್ಪ ಕೈಮುಗಿದು ವಾಪಸು ಕಳಿಸಿದ. ಪಡಸಾಲೆಯಲ್ಲಿ ಓದು ನಿಂತಿತು, ಕಲ್ಲಿನ ಗರಗರ ಮತ್ತೆ ಶುರುವಾಯಿತು.

ಆ ವಾರವೇ ಮಲ್ಲನಿಗೆ ಜ್ವರ ಬಂತು. ಹೊಲದ ಬದುವಿನಲ್ಲಿ ಕಸುಗಾಯಿ ಬೋರೆಹಣ್ಣು ತಿಂದು ಬಂದ ಜ್ವರವೆಂದು ಈಗ ಹೇಳಬಲ್ಲೆ. ಅಂದು ಯಾರು ಹೇಳಬಲ್ಲವರಾಗಿದ್ದರು? ಮೈ ಬೆಂಕಿ, ತುಟಿ ಒಣಗಿ ಬಿರಿದಿತ್ತು. ಅವ್ವ ಒದ್ದೆ ಬಟ್ಟೆ ಹಾಕುತ್ತಿದ್ದಳು, ಹಾಕುತ್ತ ಹಾಕುತ್ತ ಅಕ್ಕನ ಮುಖ ನೋಡುತ್ತಿದ್ದಳು. ಅಪ್ಪ ಕುರಿ ಬಿಡದೆ ಕಟ್ಟೆಯ ಮೇಲೆ ಕೂತುಬಿಟ್ಟ, ಹಸಿದ ಕುರಿಗಳು ಬೇಲಿಯೊಳಗೆ ಒಂದೇ ಸಮನೆ ಅರಚುತ್ತಿದ್ದವು. ಯೇಸು ಮಾತಾಡಲು ಬಂದೇಬಿಟ್ಟ, ಅದೂ ಅಪ್ಪನ ಜೊತೆ ಅಲ್ಲ, ಮಲ್ಲನ ಜೊತೆ ಎಂದು ನಾನು ಮೂಲೆಯಲ್ಲಿ ಮುದುರಿ ಕೂತಿದ್ದೆ. ನನ್ನ ಸಂತೋಷಕ್ಕೇ ಅವನು ಸಿಟ್ಟಾಗಿದ್ದಾನೆ ಎನ್ನಿಸಿತು. ಹೊತ್ತು ಮುಳುಗುವ ಮೊದಲೇ ಜ್ವರ ಬೆವರಾಗಿ ಇಳಿಯಿತು, ಮಲ್ಲ ಎದ್ದು ರೊಟ್ಟಿ ಕೇಳಿದ. ಎಲ್ಲರೂ ಉಸಿರುಬಿಟ್ಟರು. ದೊಡ್ಡವ್ವ ಮಾತ್ರ ಗೋಡೆಗೆ ಒರಗಿ, ಕೂಸನ್ನು ನೋಡುತ್ತ ಕೂತಿದ್ದಳು.

ಮರುದಿನ ನಾನು ಶಾಲೆಯಿಂದ ಬರುವಾಗ ಓಣಿಯಲ್ಲೇ ಕಲ್ಲಿನ ಸದ್ದು ಕೇಳಿತು, ಧೈರ್ಯವಾಯಿತು. ಆದರೆ ಸದ್ದು ಎಂದಿನಂತಿರಲಿಲ್ಲ. ಸ್ವಲ್ಪ ತಿರುಗಿ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಒಳಗೆ ಬಂದು ನೋಡಿದರೆ ಅವ್ವ ಒಬ್ಬಳೇ ಬೀಸುತ್ತಿದ್ದಳು. ತೊಗರಿ ಒಡೆಯುವ ಅಗತ್ಯವಿರಲಿಲ್ಲ, ಡಬ್ಬಿಯ ತುಂಬ ಬೇಳೆ ಇತ್ತು. ದೊಡ್ಡವ್ವನ ಬಟ್ಟೆಯ ಗಂಟು ಗೋಡೆಯ ಗಿಳಿಗೂಟದಲ್ಲಿ ಇರಲಿಲ್ಲ. ನಾನು ರಸ್ತೆಯವರೆಗೆ ಓಡಿದೆ. ಬಸ್ಸು ಮಧ್ಯಾಹ್ನವೇ ಹೋಗಿತ್ತು.

ಅವಳು ನಾಗಲದಿನ್ನೆಯ ತಮ್ಮನ ಮನೆಗೆ ಹೋಗಿದ್ದಳು. ಅಪ್ಪ ಜೋಳದ ಚೀಲ ಹೊತ್ತು ಹೋದ, ಹೊಸಿಲಲ್ಲೇ ಇಳಿಸಿ ನೀರೂ ಕುಡಿಯದೆ ಬಂದ. ಕಟ್ಟಿಕೊಂಡ ಹೆಂಡತಿಯ ಮುಂದೆ ಕಳ್ಳನ ಹಾಗೆ ನಿಂತು ಬಂದೆ ಎಂದು ಅವ್ವನಿಗೆ ಹೇಳಿದನಂತೆ. ಅವ್ವ ಬೆನ್ನು ತಿರುಗಿಸಿ ಮಲಗಿದಳು. ಜೋಜಪ್ಪನ ಓದು ಮತ್ತೆ ಶುರುವಾಯಿತು, ಆದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಪೂರ್ತಿ ನಮ್ಮ ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಮಲ್ಲ ದಿನದಿನಕ್ಕೆ ದುಂಡಗಾದ. ಅವನು ದುಂಡಗಾದಷ್ಟೂ ನನಗೆ ಯೇಸುವಿನ ಮೇಲೆ ಸಿಟ್ಟು, ಸಿಟ್ಟು ಬಂದಷ್ಟೂ ಅವನಿಗೆ ಗೊತ್ತಾಗಿಬಿಡುತ್ತದೆಂದು ಹೆದರಿಕೆ.

ಈಸ್ಟರ್ ಭಾನುವಾರ ಬೆಳಿಗ್ಗೆ ಊರಿನ ಸಣ್ಣ ಚರ್ಚಿನಲ್ಲಿ ನಮಗೆ ಜ್ಞಾನಸ್ನಾನ. ಬಿಸಿಲು ಆಗಲೇ ಏರಿತ್ತು. ಅಪ್ಪ ಬಿಳಿ ಅಂಗಿ ತೊಟ್ಟು ಪರಕೀಯನಂತೆ ಕಾಣುತ್ತಿದ್ದ. ಹೆಂಗಸರ ಸಾಲಿನ ಕಟ್ಟಕಡೆಯಲ್ಲಿ, ಬಾಗಿಲಿಗೆ ಅಂಟಿಕೊಂಡು ದೊಡ್ಡವ್ವ ನಿಂತಿದ್ದಳು. ಮೊದಲ ಬಸ್ಸಿಗೆ ಬಂದಿರಬೇಕು, ನಮ್ಮ ಮನೆಗೆ ಬರದೆ ನೇರ ಅಲ್ಲಿಗೇ ಬಂದಿದ್ದಳು. ತೆಳ್ಳಗಾಗಿದ್ದಳು. ನಾನು ಓಡಿಹೋಗಬೇಕೆಂದುಕೊಂಡೆ, ಅವ್ವ ನನ್ನ ಕೈ ಬಿಡಲಿಲ್ಲ. ಸ್ವಾಮಿಗಳು ಒಬ್ಬೊಬ್ಬರನ್ನೇ ಮುಂದೆ ಕರೆದು, ದೇವರ ಸಭೆಯಿಂದ ಏನನ್ನು ಕೇಳುತ್ತೀ ಎಂದು ಪ್ರಶ್ನಿಸುತ್ತಿದ್ದರು. ವಿಶ್ವಾಸ ಎಂದು ಉತ್ತರ ಕೊಡಬೇಕೆಂದು ಜೋಜಪ್ಪ ನಮ್ಮಿಂದ ಬಾಯಿಪಾಠ ಮಾಡಿಸಿದ್ದ. ಅಪ್ಪ ಹೇಳಿದ, ಅವ್ವ ಹೇಳಿದಳು, ಮಲ್ಲನ ಪರವಾಗಿಯೂ ಅವ್ವನೇ ಹೇಳಿದಳು. ಮೂವರ ತಲೆಯ ಮೇಲೂ ನೀರು ಬಿತ್ತು. ಆಮೇಲೆ ಸ್ವಾಮಿಗಳು ನನ್ನ ಕಡೆ ಬಾಗಿ, ನನಗೆ ಸುಲಭವಾಗಲೆಂದು ಕನ್ನಡದಲ್ಲೇ ಕೇಳಿದರು, ನಾಗಿ, ದೇವರ ಸಭೆಯಿಂದ ಏನು ಕೇಳುತ್ತೀಯಮ್ಮಾ ಎಂದು.

“ನಮ್ಮ ದೊಡ್ಡವ್ವನ್ನ ಕೊಡ್ರಿ,” ಎಂದೆ.

ಸ್ವಾಮಿಗಳು ಗದರಲಿಲ್ಲ. ನೀರಿನ ಪಾತ್ರೆ ಹಿಡಿದುಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತರು. ಅಪ್ಪ ತಲೆ ತಗ್ಗಿಸಿದ್ದ, ಅವನ ಕೂದಲಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದಿನಿಂದ ಹೆಜ್ಜೆಯ ಸದ್ದು ಬಂತು. ದೊಡ್ಡವ್ವ ಎಲ್ಲರ ನಡುವೆ ನಡೆದು ಬಂದು ನನ್ನ ಪಕ್ಕ ಕೂತಳು, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಅದನ್ನ ಕೇಳಬ್ಯಾಡ ನಾಗಿ. ಅದು ನಾನು ಕೊಟ್ಟಿದ್ದು. ಕೊಟ್ಟಿದ್ದನ್ನ ತಿರುಗಿ ಕೇಳಬಾರ್ದು.”

ಅವಳ ಹೆಗಲ ಮೇಲಿಂದ ನನಗೆ ಮಲ್ಲ ಕಾಣುತ್ತಿದ್ದ. ಅವ್ವನ ಸೊಂಟದ ಮೇಲೆ ಕೂತು, ಹಣೆಯ ನೀರನ್ನು ನಾಲಿಗೆ ಚಾಚಿ ನೆಕ್ಕಲು ನೋಡುತ್ತಿದ್ದ. ಅವನ ಕೆನ್ನೆ ಕೆಂಪಗಿತ್ತು. ಬಿಸಿಲಿಗೋ, ಜ್ವರಕ್ಕೋ ನನಗೆ ತಿಳಿಯಲಿಲ್ಲ. ಸ್ವಾಮಿಗಳು ಅದೇ ಮೆತ್ತನೆಯ ದನಿಯಲ್ಲಿ ಇನ್ನೊಮ್ಮೆ ಕೇಳಿದರು. ನಾನು ಮಲ್ಲನ ಕೆನ್ನೆಯನ್ನೇ ನೋಡುತ್ತ, ಹೆದರಿಕೊಂಡು, ವಿಶ್ವಾಸ ಎಂದೆ.